ಹೈಬ್ರಿಡ್ ಕರಬೂಜಕ್ಕೆ ಟಿಶ್ಯೂ ಕಲ್ಚರ್: ಕುಡಿ ಕತ್ತರಿಸುವುದರಿಂದ ನಾಟಿಯವರೆಗೆ

ಹೈಬ್ರಿಡ್ ಕರಬೂಜದ ಹಣ್ಣು ತಿಂದು, ರುಚಿ ಹಿಡಿಸಿ, ಬೀಜ ತೊಳೆದು ಒಣಗಿಸಿ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ. ಮುಂದಿನ ಬೇಸಿಗೆಗೆ ಅದನ್ನು ಬಿತ್ತಿದರೆ ಒಂದು ಬಳ್ಳಿಯಲ್ಲಿ ಬಲೆ ಬಲೆಯಾದ ಸಿಪ್ಪೆ, ಇನ್ನೊಂದರಲ್ಲಿ ನುಣುಪು ಸಿಪ್ಪೆ. ಒಂದು ಹಣ್ಣಿನ ತಿರುಳು ಕೇಸರಿ, ಪಕ್ಕದ್ದು ಹಸಿರು, ಮತ್ತೊಂದು ಸಪ್ಪೆ. ಇದು ಬೀಜದ ತಪ್ಪಲ್ಲ. ಎರಡು ಬೇರೆ ಬೇರೆ ಶುದ್ಧ ತಳಿಗಳನ್ನು ಕೂಡಿಸಿದಾಗ ಬರುವ ಮೊದಲ ತಲೆಮಾರು ಮಾತ್ರ ಒಂದೇ ಸಮನಾಗಿರುತ್ತದೆ. ಎರಡನೇ ತಲೆಮಾರಿನಲ್ಲಿ ಅಪ್ಪ ಅಮ್ಮನ ಗುಣಗಳು ಚೆಲ್ಲಾಪಿಲ್ಲಿಯಾಗಿ ಹಂಚಿಹೋಗುತ್ತವೆ. ಅದರ ಮೇಲೆ ಜೇನುಹುಳಗಳ ಓಡಾಟವೂ ಇದೆ. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ, ಹಣ್ಣಾದಾಗ ತಾನೇ ಬಿರಿಯುವ ಕೆಕ್ಕರಿಕೆ, ನಮ್ಮ ಕರಬೂಜ ಎಲ್ಲವೂ ಕುಕುಮಿಸ್ ಮೆಲೋ ಎಂಬ ಒಂದೇ ಜಾತಿಯವು. ಪಕ್ಕಪಕ್ಕದಲ್ಲಿ ಬೆಳೆದರೆ ಸಲೀಸಾಗಿ ಬೆರೆತುಹೋಗುತ್ತವೆ.

ಹಾಗಾಗಿ ಹೈಬ್ರಿಡ್ ಗಿಡವನ್ನು ಅದು ಇದ್ದ ಹಾಗೇ ಉಳಿಸಬೇಕು ಅಂದರೆ ಬೀಜದ ದಾರಿ ಬಿಟ್ಟು ಗಿಡದ ತುಂಡಿನಿಂದಲೇ ಗಿಡ ಮಾಡಬೇಕು. ಆ ತುಂಡನ್ನು ಬಾಟಲಿಯೊಳಗೆ ಬೆಳೆಸುವುದೇ ಟಿಶ್ಯೂ ಕಲ್ಚರ್. ಬಾಳೆಯಲ್ಲಿ ಇದು ನಮ್ಮ ರೈತರಿಗೆಲ್ಲ ಗೊತ್ತು. ಜಿ-9 ಬಾಳೆ ಸಸಿ ಬರುವುದು ಬಾಟಲಿಯಿಂದಲೇ ಅಲ್ವಾ? ಕರಬೂಜದಲ್ಲೂ ಅದೇ ಕೆಲಸ ಆಗುತ್ತದೆ. ಆದರೆ ಬಾಳೆಗಿಂತ ಇದು ನಾಜೂಕು, ಲೆಕ್ಕಾಚಾರವೂ ಬೇರೆ.

ಮೊದಲು ಇದು ನಿಮಗೆ ಬೇಕಾ ನೋಡಿ

ಎಕರೆಗಟ್ಟಲೆ ಕರಬೂಜ ಹಾಕಲು ಟಿಶ್ಯೂ ಕಲ್ಚರ್ ಸಸಿ ಮಾಡಲು ಹೋಗಬೇಡಿ. ಒಂದು ಎಕರೆಗೆ ಸಾಲಿನಿಂದ ಸಾಲಿಗೆ 1.8 ಮೀಟರ್, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಇಟ್ಟರೆ ಸುಮಾರು 5,000 ಸಸಿ ಬೇಕು. ಬಾಳೆ ಒಮ್ಮೆ ನಾಟಿ ಮಾಡಿದರೆ ಕೂಳೆಯೂ ಬರುತ್ತದೆ, ಸಸಿಯ ಖರ್ಚು ಹಂಚಿಹೋಗುತ್ತದೆ. ಕರಬೂಜ ಎರಡೂವರೆ, ಮೂರು ತಿಂಗಳಲ್ಲಿ ಮುಗಿದುಹೋಗುವ ಬೆಳೆ. ಹೈಬ್ರಿಡ್ ಬೀಜ ಎಷ್ಟೇ ದುಬಾರಿ ಅಂದರೂ ಒಂದು ಬೀಜದ ಬೆಲೆ ಬಾಟಲಿ ಸಸಿಯ ಬೆಲೆಗಿಂತ ಕಡಿಮೆಯೇ ಬೀಳುತ್ತದೆ.

ಹಾಗಾದರೆ ಯಾರಿಗೆ ಇದು? ಕೈಯಲ್ಲಿ ನಾಲ್ಕೇ ಬೀಜ ಉಳಿದಿದ್ದು ಆ ತಳಿ ಮತ್ತೆ ಸಿಗದು ಅನ್ನುವವರಿಗೆ. ಹೈಬ್ರಿಡ್ ಮಾಡಲು ಬೇಕಾದ ತಾಯಿ, ತಂದೆ ತಳಿಗಳನ್ನು ಕಾಪಾಡಿಕೊಳ್ಳುವ ತಳಿ ತಜ್ಞರಿಗೆ. ಪಾಲಿಹೌಸ್‌ನಲ್ಲಿ ಸ್ವಲ್ಪವೇ ಜಾಗದಲ್ಲಿ ದುಬಾರಿ ಕರಬೂಜ ಬೆಳೆಯುವವರಿಗೆ. ಪ್ರಾಜೆಕ್ಟ್ ಮಾಡುವ ಬಿಎಸ್ಸಿ, ಎಮ್ಮೆಸ್ಸಿ ಮಕ್ಕಳಿಗೆ. ಇನ್ನೊಂದು ಮುಖ್ಯ ಗುಂಪು ಬೀಜವಿಲ್ಲದ ಕಲ್ಲಂಗಡಿ ಬೆಳೆಯುವವರು. ಬೀಜವಿಲ್ಲದ ಕಲ್ಲಂಗಡಿಯ ಬಿತ್ತನೆ ಬೀಜ ತಯಾರಿಸುವುದೇ ಕಷ್ಟ, ಸಿಪ್ಪೆ ದಪ್ಪ, ಮೊಳಕೆಯೂ ಸರಿಯಾಗಿ ಬರುವುದಿಲ್ಲ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕೊಟ್ಟ ಅರ್ಕಾ ಮಧುರ ಇಂಥದ್ದೇ ಕಲ್ಲಂಗಡಿ. ಕೆಳಗಿನ ಕ್ರಮ ಸಣ್ಣಪುಟ್ಟ ಬದಲಾವಣೆಯೊಂದಿಗೆ ಅದಕ್ಕೂ ಹೊಂದುತ್ತದೆ.

ಅದೇ ಸಂಸ್ಥೆಯ ಅರ್ಕಾ ಜೀತ್, ಅರ್ಕಾ ರಾಜಹಂಸ ಕರಬೂಜಗಳು ಹೈಬ್ರಿಡ್ ಅಲ್ಲ. ಬೇರೆ ಕರಬೂಜದ ಪರಾಗ ಬೀಳದ ಹಾಗೆ ನೋಡಿಕೊಂಡರೆ ಅವುಗಳ ಬೀಜವನ್ನೇ ಇಟ್ಟುಕೊಳ್ಳಬಹುದು. ಅವಕ್ಕೆ ಟಿಶ್ಯೂ ಕಲ್ಚರ್ ಮಾಡುವುದು ಸುಮ್ನೆ ದಂಡ.

ಕಾನೂನಿನ ಮಾತೂ ಒಂದಿದೆ. ಕಂಪನಿಯವರು ನೋಂದಾಯಿಸಿದ ತಳಿಯನ್ನು ಕಲಿಕೆಗೆ, ಸಂಶೋಧನೆಗೆ ಬಳಸಲು ಅಡ್ಡಿಯಿಲ್ಲ. ಆದರೆ ಅದರ ಸಸಿ ಮಾಡಿ ವ್ಯಾಪಾರಕ್ಕೆ ಇಳಿಯುವುದಾದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ತಳಿಯ ಹಕ್ಕುದಾರರ ಒಪ್ಪಿಗೆ ಬೇಕು.

ಯಾವ ತಿಂಗಳಲ್ಲಿ ಶುರು ಮಾಡಬೇಕು

ಹಿಂದಿನಿಂದ ಲೆಕ್ಕ ಹಾಕಿ. ಬೇಸಿಗೆ ಬೆಳೆಗೆ ಜನವರಿ ಮೊದಲ ವಾರ ನಾಟಿ ಆಗಬೇಕು ಅಂದುಕೊಳ್ಳಿ. ಸಸಿಯನ್ನು ಹೊರಗಿನ ಗಾಳಿಗೆ ಹದ ಮಾಡಲು ಮೂರು ವಾರ, ಬೇರು ಬರಿಸಲು ಎರಡು ವಾರ, ಕುಡಿ ಕತ್ತರಿಸಿ ಮೂರು ಸುತ್ತು ಹೆಚ್ಚಿಸಲು ಹತ್ತು ಹನ್ನೊಂದು ವಾರ, ಬೀಜ ಮೊಳೆಯಲು ಹತ್ತು ದಿನ. ಒಟ್ಟು ನಾಲ್ಕು ತಿಂಗಳು ದಾಟುತ್ತದೆ. ಆಗಸ್ಟ್ ಕೊನೆಯಲ್ಲೇ ಕೆಲಸ ಹಿಡಿಯಬೇಕು. ಒಂದು ಸುತ್ತಿಗೆ ಒಂದು ಕುಡಿಯಿಂದ ಮೂರು ಸಿಕ್ಕರೆ ಹತ್ತು ಕುಡಿ ಮೂರು ಸುತ್ತಿಗೆ 270 ಆಗುತ್ತದೆ. ಬೂಷ್ಟು ಹಿಡಿದು, ಬಾಡಿ, ಮುರಿದು ಹೋಗುವುದನ್ನು ಕಳೆದರೆ ಹೊಲಕ್ಕೆ ಹೋಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಮೊದಲ ಸಲಕ್ಕೆ ನೂರು ಗಿಡ ಗುರಿ ಇಟ್ಟುಕೊಂಡರೆ ಸಾಕು.

ಆಹಾರ ಮಾಧ್ಯಮ

ಬಾಟಲಿಯೊಳಗಿನ ಗಿಡಕ್ಕೆ ಮಣ್ಣಿನ ಬದಲು ಎಂಎಸ್ ಮಾಧ್ಯಮ. ತೋಷಿಯೋ ಮುರಾಷಿಗೆ ಮತ್ತು ಫೋಲ್ಕೆ ಸ್ಕೂಗ್ ಅನ್ನುವವರು ತಂಬಾಕಿನ ಅಂಗಾಂಶ ಬೆಳೆಸಲು 1962ರಲ್ಲಿ ಪ್ರಕಟಿಸಿದ ಲವಣಗಳ ಲೆಕ್ಕ ಇದು. ಇವತ್ತಿಗೂ ಹೆಚ್ಚಿನ ಲ್ಯಾಬುಗಳು ಇದನ್ನೇ ಹಿಡಿದುಕೊಂಡಿವೆ. ವಿಟಮಿನ್ ಸೇರಿಸಿದ ಸಿದ್ಧ ಪುಡಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಒಂದು ಲೀಟರಿಗೆ ಸುಮಾರು 4.4 ಗ್ರಾಂ. ಸಕ್ಕರೆ ಬೆರೆಸಿಯೇ ಬರುವ ಪ್ಯಾಕೆಟ್ಟೂ ಇವೆ, ಲೇಬಲ್ ಓದಿ.

ಒಂದು ಲೀಟರ್ ಮಾಡುವ ಬಗೆ ಹೀಗೆ. 800 ಮಿಲಿ ಡಿಸ್ಟಿಲ್ಡ್ ವಾಟರ್‌ಗೆ ಎಂಎಸ್ ಪುಡಿ ಹಾಕಿ ಕರಗಿಸಿ. 30 ಗ್ರಾಂ ಸಕ್ಕರೆ ಹಾಕಿ. ಹಾರ್ಮೋನ್ ಬೇಕಿದ್ದರೆ ಈಗಲೇ ಹಾಕಿ, ನೀರು ಸೇರಿಸಿ ಒಂದು ಲೀಟರಿಗೆ ತನ್ನಿ. ಪಿಹೆಚ್, ಅಂದರೆ ಹುಳಿಯ ಮಟ್ಟ, 5.8ಕ್ಕೆ ಹೊಂದಿಸಿ. ಆಮೇಲೆ ಮಾಧ್ಯಮವನ್ನು ಗಟ್ಟಿ ಮಾಡುವ ಅಗರ್ ಪುಡಿ 8 ಗ್ರಾಂ ಹಾಕಿ, ಅದು ಪೂರ್ತಿ ಕರಗುವ ತನಕ ಕೈಯಾಡಿಸುತ್ತಾ ಕಾಯಿಸಿ. ಪಿಹೆಚ್ ನೋಡುವುದು ಅಗರ್ ಹಾಕುವ ಮೊದಲೇ. ಅದು ಜಾಸ್ತಿ ಇಳಿದಿದ್ದರೆ ಅಗರ್ ಗಟ್ಟಿಯಾಗುವುದಿಲ್ಲ, ಕುಡಿ ನೆಟ್ಟಗೆ ನಿಲ್ಲುವುದೇ ಇಲ್ಲ.

ಇಲ್ಲಿ ಬೇಕಾಗುವ ಹಾರ್ಮೋನ್ ಚಿಗುರು ಹೊಡೆಸುವ ಬಿಎಪಿ. ಪುಡಿ ತಂದರೆ 100 ಮಿಲಿಗ್ರಾಂ ತೂಗಿ, ನಾಲ್ಕೈದು ಹನಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ, ನೀರು ಸೇರಿಸಿ 100 ಮಿಲಿ ಮಾಡಿ ಫ್ರಿಜ್ಜಿನಲ್ಲಿ ಇಡಿ. ಇದರಲ್ಲಿ ಒಂದು ಮಿಲಿ ಅಂದರೆ ಒಂದು ಮಿಲಿಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ 100 ಮಿಲಿಗ್ರಾಂ ತೂಗಲು ಆಗುವುದಿಲ್ಲ. ಲ್ಯಾಬ್ ತಕ್ಕಡಿ ಇಲ್ಲದವರು ಮಿಲಿಗೆ ಒಂದು ಮಿಲಿಗ್ರಾಂ ಇರುವ ಸಿದ್ಧ ದ್ರಾವಣ ಕೊಳ್ಳುವುದೇ ಸರಿ.

200 ಮಿಲಿಯ ಗಾಜಿನ ಬಾಟಲಿಗೆ 35ರಿಂದ 40 ಮಿಲಿ ಸುರಿದು, ಶಾಖ ತಡೆಯುವ ಮುಚ್ಚಳ ಹಾಕಿ. ಆಮೇಲೆ ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ. ಆಟೋಕ್ಲೇವ್ ಇಲ್ಲದಿದ್ದರೆ ದೊಡ್ಡ ಪ್ರೆಶರ್ ಕುಕ್ಕರ್ ನಡೆಯುತ್ತದೆ. ಮನೆಯ ಕುಕ್ಕರೂ ಹೆಚ್ಚುಕಮ್ಮಿ ಅದೇ ಒತ್ತಡಕ್ಕೆ ಹೋಗುತ್ತದೆ. ತಳದಲ್ಲಿ ನೀರು, ಮೇಲೆ ಜಾಲರಿ, ಅದರ ಮೇಲೆ ಬಾಟಲಿ. ಮುಚ್ಚಳ ಬಿಗಿಯಾಗಿ ತಿರುಗಿಸಬೇಡಿ. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣಗೆ ಮಾಡಿ 25 ನಿಮಿಷ. ಒತ್ತಡ ತಾನಾಗಿ ಇಳಿಯುವವರೆಗೆ ಕಾಯಿರಿ. ಅವಸರಕ್ಕೆ ವೆಯ್ಟ್ ಎತ್ತಿದರೆ ಮಾಧ್ಯಮ ಉಕ್ಕಿ ಮುಚ್ಚಳಕ್ಕೆಲ್ಲ ಅಂಟುತ್ತದೆ, ಬೂಷ್ಟು ಒಳಗೆ ಬರುವುದು ಅಲ್ಲಿಂದಲೇ.

ತಯಾರಾದ ಬಾಟಲಿಗಳನ್ನು ನಾಲ್ಕು ದಿನ ಸುಮ್ಮನೆ ಇಟ್ಟು ನೋಡಿ. ಏನೂ ಬೆಳೆಯದೆ ತಿಳಿಯಾಗಿ ಉಳಿದವನ್ನು ಮಾತ್ರ ಬಳಸಿ.

ಬೀಜವನ್ನೇ ಬಾಟಲಿಯಲ್ಲಿ ಮೊಳೆಸಿ

ಪಠ್ಯಗಳಲ್ಲಿ ಹೊಲದ ಬಳ್ಳಿಯಿಂದ ಗೆಣ್ಣು ತಂದು ಶುರು ಮಾಡಿ ಎಂದಿರುತ್ತದೆ. ಕರಬೂಜದ ಬಳ್ಳಿ ತುಂಬಾ ರೋಮ. ರೋಮದ ಬುಡದಲ್ಲಿ ಧೂಳು, ಧೂಳಿನ ಜೊತೆ ಬೂಷ್ಟಿನ ಬೀಜಕಣ. ಎಷ್ಟು ತೊಳೆದರೂ ಪೂರ್ತಿ ಹೋಗುವುದು ಕಷ್ಟ. ಹೈಬ್ರಿಡ್‌ನಲ್ಲಿ ಅಷ್ಟು ಒದ್ದಾಡುವ ಅಗತ್ಯವೇ ಇಲ್ಲ. ಪ್ಯಾಕೆಟ್ಟಿನ ಬೀಜಗಳೆಲ್ಲ ಒಂದೇ ಜೋಡಿ ಶುದ್ಧ ತಳಿಯ ಮಕ್ಕಳು. ಗುಣದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ಎಂಟು ಹತ್ತು ಬೀಜವನ್ನು ಬಾಟಲಿಯೊಳಗೇ ಮೊಳೆಸಿ ಅದರ ಕುಡಿಯನ್ನು ಹೆಚ್ಚಿಸುವುದು ಸುಲಭದ ದಾರಿ, ಸ್ವಚ್ಛವಾದ ದಾರಿ.

ಕಂಪನಿ ಬೀಜಕ್ಕೆ ಬಣ್ಣ ಬಣ್ಣದ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಕೈಗವಸು ಹಾಕಿಕೊಂಡೇ ಮುಟ್ಟಿ. ಮೂರು ನಾಲ್ಕು ಗಂಟೆ ನೀರಿನಲ್ಲಿ ನೆನೆಸಿ, ಚೂಪು ತುದಿಯನ್ನು ಉಗುರು ಕತ್ತರಿಯಿಂದ ಚೂರೇ ಚೂರು ಒತ್ತಿದರೆ ಸಿಪ್ಪೆ ಸೀಳು ಬಿಡುತ್ತದೆ. ಎರಡೂ ಬದಿ ಬಿಡಿಸಿ ಒಳಗಿನ ಬಿಳಿ ತಿರುಳನ್ನು ಮುರಿಯದಂತೆ ತೆಗೆಯಿರಿ. ಚೂಪು ತುದಿಯಲ್ಲೇ ಬೇರಿನ ಮೊಳಕೆ ಇರುವುದು, ಅಲ್ಲಿ ಒತ್ತಡ ಜಾಸ್ತಿ ಆಗಬಾರದು. ಸಿಪ್ಪೆ ಬಿಡಿಸಿದರೆ ಅರ್ಧ ಕೊಳೆ ಅಲ್ಲೇ ಹೋಯಿತು. ಜೊತೆಗೆ ಮೊಳಕೆಯೂ ಬೇಗ ಬರುತ್ತದೆ.

ಬಿಡಿಸಿದ ಬೀಜವನ್ನು 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ 30 ಸೆಕೆಂಡ್ ಅದ್ದಿ. ಆಮೇಲೆ ಸೋಡಿಯಂ ಹೈಪೋಕ್ಲೋರೈಟ್. 4 ಪರ್ಸೆಂಟ್ ದ್ರಾವಣ ಸಿಕ್ಕರೆ ಒಂದು ಪಾಲಿಗೆ ಮೂರು ಪಾಲು ನೀರು ಹಾಕಿ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ, 15 ನಿಮಿಷ ಅಲುಗಾಡಿಸುತ್ತಿರಿ. ಇಲ್ಲಿಂದ ಮುಂದಿನ ಕೆಲಸವೆಲ್ಲ ಲ್ಯಾಮಿನಾರ್ ಹುಡ್ ಒಳಗೆ, ಅಂದರೆ ಸೋಸಿದ ಶುದ್ಧ ಗಾಳಿ ಬೀಸುವ ಪೆಟ್ಟಿಗೆಯೊಳಗೆ. ಮಾಧ್ಯಮದ ಹಾಗೇ ಕುಕ್ಕರಿನಲ್ಲಿ ಶುದ್ಧ ಮಾಡಿಟ್ಟ ನೀರಿನಲ್ಲಿ ನಾಲ್ಕು ಸಲ ತೊಳೆಯಿರಿ.

ಕಾಲೇಜಿನ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ಇದಕ್ಕೆ ಮರ್ಕ್ಯುರಿಕ್ ಕ್ಲೋರೈಡ್ ಹೇಳಿರುತ್ತಾರೆ. ದಯವಿಟ್ಟು ಬೇಡ. ಅದು ಪಾದರಸದ ಉಪ್ಪು, ಘೋರ ವಿಷ. ತೊಳೆದ ನೀರನ್ನು ಎಲ್ಲೂ ಚೆಲ್ಲುವ ಹಾಗಿಲ್ಲ. ಸಿಪ್ಪೆ ಬಿಡಿಸಿದ ಬೀಜಕ್ಕೆ ಹೈಪೋಕ್ಲೋರೈಟ್ ಧಾರಾಳ ಸಾಕು.

ಲ್ಯಾಮಿನಾರ್ ಹುಡ್ ಇಲ್ಲದವರು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಕೈ ತೂರಿಸಲು ಎರಡು ತೂತು ಮಾಡಿ, ಗಾಳಿಯಾಡದ ಕೋಣೆಯಲ್ಲಿ ಇಟ್ಟು ಕೆಲಸ ಮಾಡುತ್ತಾರೆ. ಅದು ಆಗುತ್ತದೆ, ಆದರೆ ಒಂದು ಎಚ್ಚರ. ಡಬ್ಬಿಯೊಳಗೆ ಸ್ಪಿರಿಟ್ ಸಿಂಪಡಿಸಿ ಅಲ್ಲೇ ದೀಪ ಹಚ್ಚಬೇಡಿ. ಒಳಗೆ ಆವಿ ತುಂಬಿರುತ್ತದೆ, ಭಗ್ಗನೆ ಹೊತ್ತಿಕೊಂಡು ಕೈ ಸುಟ್ಟುಹೋಗುತ್ತದೆ. ಬ್ಲೇಡು, ಚಿಮುಟಗಳನ್ನು ಮೊದಲೇ ಕಾಗದದಲ್ಲಿ ಸುತ್ತಿ ಕುಕ್ಕರಿನಲ್ಲಿ ಶುದ್ಧ ಮಾಡಿ ಇಟ್ಟುಕೊಂಡರೆ ದೀಪದ ಹಂಗೇ ಬೇಡ.

ತೊಳೆದ ಬೀಜವನ್ನು ಹಾರ್ಮೋನ್ ಇಲ್ಲದ, ಲವಣ ಅರ್ಧಕ್ಕೆ ಇಳಿಸಿದ ಮಾಧ್ಯಮದ ಮೇಲೆ ಬಾಟಲಿಗೆ ಎರಡರಂತೆ ಇಡಿ. 28 ಡಿಗ್ರಿ ಸುಮಾರಿನಲ್ಲಿ ಎರಡು ಮೂರು ದಿನ ಕತ್ತಲು, ಮೊಳಕೆ ಕಂಡ ಮೇಲೆ ಬೆಳಕು. ಏಳರಿಂದ ಹತ್ತು ದಿನಕ್ಕೆ ಬೀಜದಳ ಬಿಚ್ಚಿ ಹಸಿರಾಗಿರುತ್ತದೆ.

ಕುಡಿ ಕತ್ತರಿಸುವುದು

ಕೆಲಸದ ಜೀವಾಳ ಇಲ್ಲಿದೆ. ಯಾವ ತುಂಡು ತೆಗೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಕೊನೆಗೆ ಬರುವ ಗಿಡ ನಿಮ್ಮ ಹೈಬ್ರಿಡ್ ಹೌದೋ ಅಲ್ಲವೋ ನಿರ್ಧಾರ ಆಗುತ್ತದೆ.

ಕರಬೂಜದ ಬೀಜದಳದ ಚೂರಿನಿಂದ, ಎಲೆ ಚೂರಿನಿಂದಲೂ ಹೊಸ ಚಿಗುರು ಬರಿಸಬಹುದು. ಒಂದು ಚೂರಿನ ಅಂಚಿನಲ್ಲಿ ಹತ್ತಾರು ಮೊಗ್ಗು ಎದ್ದು ಬರುವುದನ್ನು ನೋಡಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಹಾಗೆ ಹೊಸದಾಗಿ ಹುಟ್ಟಿದ ಕರಬೂಜದ ಗಿಡಗಳಲ್ಲಿ ಕ್ರೋಮೋಸೋಮ್ ದುಪ್ಪಟ್ಟಾಗುವ ಚಾಳಿ ಇದೆ. ಕರಬೂಜದ ಜೀವಕೋಶದಲ್ಲಿ ಇರಬೇಕಾದದ್ದು 24. ಇಂಥ ಗಿಡಗಳಲ್ಲಿ 48 ಇರುತ್ತದೆ. ಕರಬೂಜದ ಟಿಶ್ಯೂ ಕಲ್ಚರ್ ಮಾಡಿದವರು ಮತ್ತೆ ಮತ್ತೆ ಕಂಡ ತೊಂದರೆ ಇದು. ಗಿಡ ಬದುಕುತ್ತದೆ, ಹೂವೂ ಬಿಡುತ್ತದೆ, ಆದರೆ ಹಣ್ಣು ನಿಮಗೆ ಬೇಕಾಗಿದ್ದ ಹಣ್ಣಲ್ಲ. ಹೈಬ್ರಿಡ್ಡನ್ನು ಹಾಗೇ ಉಳಿಸಲೆಂದು ಹೊರಟು ಬೇರೆಯದನ್ನೇ ಮಾಡಿಕೊಂಡು ಬಂದ ಹಾಗಾಗುತ್ತದೆ.

ಆದ್ದರಿಂದ ಮೊದಲೇ ಇರುವ ಮೊಗ್ಗನ್ನು ಮಾತ್ರ ಬಳಸಿ. ಅದು ತುದಿಯ ಕುಡಿ ಆಗಿರಬಹುದು, ಎಲೆಯ ಕಂಕುಳಲ್ಲಿರುವ ಮೊಗ್ಗಾಗಿರಬಹುದು.

ಹತ್ತು ದಿನದ ಮೊಳಕೆಯನ್ನು ಶುದ್ಧವಾದ ತಟ್ಟೆಗೆ ತೆಗೆದುಕೊಳ್ಳಿ. ಎರಡು ಬೀಜದಳ ರೆಕ್ಕೆ ಬಿಚ್ಚಿ ನಿಂತಿರುತ್ತವೆ. ಅವುಗಳ ಸಂದಿನಲ್ಲಿ ಬಗ್ಗಿ ನೋಡಿದರೆ ಸಾಸಿವೆಕಾಳಿನಷ್ಟು ತಿಳಿ ಹಸಿರು ಉಬ್ಬು, ಮೇಲೆ ಬೆಳ್ಳಗೆ ನವಿರು ರೋಮ. ಅದೇ ಕುಡಿ. ಬೀಜದಳಗಳನ್ನು ತೊಟ್ಟಿನ ಹತ್ತಿರ ಕತ್ತರಿಸಿ ತೆಗೆಯಿರಿ. ಬ್ಲೇಡು ಸಂದಿಗೆ ಇಳಿಯಬಾರದು. ಕುಡಿಯ ಕೆಳಗೆ ಅರ್ಧ ಸೆಂಟಿಮೀಟರ್ ಕಾಂಡ ಬಿಟ್ಟು ಅಡ್ಡಕ್ಕೆ ಒಂದೇ ಏಟಿಗೆ ಕತ್ತರಿಸಿ. ಗರಗಸದ ಹಾಗೆ ಎಳೆದರೆ ಕಾಂಡ ಜಜ್ಜಿ ಕಂದಾಗುತ್ತದೆ. ಚಿಮುಟದಿಂದ ಕಾಂಡ ಹಿಡಿದು, ಕತ್ತರಿಸಿದ ತುದಿ ಎರಡು ಮೂರು ಮಿಲಿಮೀಟರ್ ಮಾತ್ರ ಒಳಹೋಗುವಂತೆ ಮಾಧ್ಯಮಕ್ಕೆ ನೆಟ್ಟಗೆ ಊರಿ. ಕುಡಿ ಮಾಧ್ಯಮಕ್ಕೆ ತಾಕಬಾರದು.

ಹೆಚ್ಚಿಸುವುದು

ಇದಕ್ಕೆ ಎರಡು ದಾರಿ. ಒಂದು, ಲೀಟರಿಗೆ 0.5 ಮಿಲಿಗ್ರಾಂ ಬಿಎಪಿ ಹಾಕಿದ ಮಾಧ್ಯಮದಲ್ಲಿ ಕುಡಿ ಊರುವುದು. ಮೂರು ನಾಲ್ಕು ವಾರಕ್ಕೆ ಬುಡದಲ್ಲಿ ಪಕ್ಕದ ಚಿಗುರುಗಳು ಗುಂಪಾಗಿ ಬರುತ್ತವೆ. ಒಂದು ಸೆಂಟಿಮೀಟರ್ ದಾಟಿದವನ್ನು ಬಿಡಿಸಿ ಬೇರೆ ಬಾಟಲಿಗೆ ಹಾಕುವುದು. ಬುಡದಲ್ಲಿ ಗಂಟುಗಂಟಾಗಿ ಗೆಡ್ಡೆಯ ಹಾಗೆ ಬೆಳೆದಿದ್ದರೆ ಅದನ್ನು ಪೂರ್ತಿ ಕತ್ತರಿಸಿ ಬಿಸಾಡಿ. ಆ ಗಂಟಿನಿಂದ ಬಂದ ಚಿಗುರನ್ನೂ ಇಟ್ಟುಕೊಳ್ಳಬೇಡಿ. ಕ್ರೋಮೋಸೋಮ್ ದುಪ್ಪಟ್ಟಾಗುವ ಅಪಾಯ ಅಲ್ಲೂ ಇದೆ.

ಎರಡನೆಯದು ನನಗೆ ಹೆಚ್ಚು ಇಷ್ಟ. ಹಾರ್ಮೋನ್ ಇಲ್ಲದೆ, ಅಥವಾ 0.1 ಮಿಲಿಗ್ರಾಂ ಬಿಎಪಿ ಮಾತ್ರ ಹಾಕಿ ಎತ್ತರದ ಬಾಟಲಿಯಲ್ಲಿ ಬಳ್ಳಿ ಬೆಳೆಯಲು ಬಿಡುವುದು. ನಾಲ್ಕೈದು ಗೆಣ್ಣು ಬಂದ ಮೇಲೆ ಗೆಣ್ಣಿಗೊಂದು ತುಂಡು ಮಾಡಿ, ಪ್ರತಿ ತುಂಡನ್ನೂ ಬುಡ ಕೆಳಗಾಗಿ ಊರುವುದು. ಕಂಕುಳ ಮೊಗ್ಗು ಚಿಗುರಿ ಒಂದೊಂದೂ ಬಳ್ಳಿಯಾಗುತ್ತದೆ. ಸಂಖ್ಯೆ ಕಡಿಮೆ, ಆದರೆ ಗಂಟು ಕಟ್ಟುವುದಿಲ್ಲ, ಚಿಗುರು ಗಟ್ಟಿ, ಮುಂದೆ ಬೇರೂ ಸಲೀಸಾಗಿ ಬರುತ್ತದೆ. ತಳಿ ಬದಲಾಗುವ ಭಯ ತೀರಾ ಕಮ್ಮಿ.

ಕೋಣೆಯ ಬಿಸಿ 25ರಿಂದ 27 ಡಿಗ್ರಿ. ಬಿಳಿ ಎಲ್‌ಇಡಿ ಟ್ಯೂಬ್ ಬೆಳಕು ದಿನಕ್ಕೆ 16 ಗಂಟೆ. ಟೈಮರ್ ಹಾಕಿಬಿಡಿ.

ಗಾಜೆಲೆ ಅನ್ನುವ ತೊಂದರೆ ಕರಬೂಜಕ್ಕೆ ಬಹಳ. ಎಲೆ ದಪ್ಪಗೆ, ಪಾರದರ್ಶಕವಾಗಿ, ನೀರು ತುಂಬಿದ ಹಾಗೆ ಕಾಣುತ್ತದೆ. ಮುಟ್ಟಿದರೆ ಪಟ್ಟನೆ ಮುರಿಯುತ್ತದೆ. ಇಂಥ ಸಸಿ ಹೊರಗೆ ಬಂದರೆ ಒಂದು ದಿನವೂ ಉಳಿಯುವುದಿಲ್ಲ. ಬಿಎಪಿ ಜಾಸ್ತಿಯಾದರೆ, ಅಗರ್ ಸಡಿಲವಾಗಿದ್ದರೆ, ಬಾಟಲಿಯೊಳಗೆ ತೇವ ತುಂಬಿಕೊಂಡರೆ ಹೀಗಾಗುತ್ತದೆ. ಎಥಿಲೀನ್ ಅನಿಲವೂ ತೊಂದರೆ ಕೊಡುತ್ತದೆ. ಕರಬೂಜದ ಹಣ್ಣು ಮಾಗುವುದು ಇದೇ ಅನಿಲದಿಂದ. ಮುಚ್ಚಿದ ಬಾಟಲಿಯಲ್ಲಿ ಸಸಿ ತಾನೇ ಬಿಟ್ಟ ಎಥಿಲೀನ್ ಹೊರಹೋಗಲು ಜಾಗವಿಲ್ಲದೆ ಅಲ್ಲೇ ಉಳಿಯುತ್ತದೆ, ಎಲೆ ಹಳದಿಯಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಮುಚ್ಚಳವನ್ನು ಪ್ಲಾಸ್ಟಿಕ್ ಟೇಪಿನಿಂದ ಬಿಗಿದು ಸುತ್ತಬೇಡಿ. ಗಾಳಿ ಸೋಸುವ ಫಿಲ್ಟರ್ ಇರುವ ಮುಚ್ಚಳ ಸಿಕ್ಕರೆ ಅದಕ್ಕೆ ಕೊಡುವ ದುಡ್ಡು ಸಾರ್ಥಕ. ಇಲ್ಲವೇ ಬಿಗಿಯಾದ ಹತ್ತಿ ಬಿರಡೆ ಹಾಕಿ. ಅಗರ್ 9 ಗ್ರಾಂಗೆ ಏರಿಸಿ, ಮೂರು ವಾರಕ್ಕೆ ತಪ್ಪದೆ ಹೊಸ ಮಾಧ್ಯಮಕ್ಕೆ ಬದಲಿಸಿ.

ಹಳೆಯ ಬಾಟಲಿಗಳಲ್ಲಿ ಕೆಲವೊಮ್ಮೆ ಕುಡಿಬಳ್ಳಿ, ಹೂಮೊಗ್ಗು ಕೂಡ ಬಂದುಬಿಡುತ್ತದೆ. ಬಾಟಲಿ ಬದಲಿಸುವುದು ತಡವಾಗಿದೆ ಅಂತ ಅರ್ಥ. ಮೊಗ್ಗು ಚಿವುಟಿ ಹೊಸ ಬಾಟಲಿಗೆ ಹಾಕಿ.

ಐದಾರು ಸುತ್ತು ಆದ ಮೇಲೆ ಅದೇ ಸಾಲನ್ನು ಮುಂದುವರಿಸಬೇಡಿ. ಬೀಜ ಇದ್ದರೆ ಹೊಸ ಬೀಜದಿಂದ ಮತ್ತೆ ಶುರು ಮಾಡಿ.

ಬೂಷ್ಟಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹತ್ತಿಯ ಹಾಗೆ ಬೆಳ್ಳಗೆ ಹಬ್ಬಿದರೆ ಶಿಲೀಂಧ್ರ, ಕಾಂಡದ ಬುಡದ ಸುತ್ತ ಹಾಲಿನ ತೆರೆ ಕಂಡರೆ ಬ್ಯಾಕ್ಟೀರಿಯಾ. ಎರಡೂ ಸಂದರ್ಭದಲ್ಲಿ ಬಾಟಲಿ ತೆರೆಯದೆ ಕುಕ್ಕರಿಗೆ ಹಾಕಿ ಬೇಯಿಸಿ, ಆಮೇಲೆ ತೊಳೆಯಿರಿ. ಕುಡಿ ಉಳಿಸಿಕೊಳ್ಳೋಣ ಅಂತ ಮುಚ್ಚಳ ತೆಗೆದರೆ ಇಡೀ ಕೋಣೆಗೆ ಹರಡುತ್ತದೆ. ಯಾವ ಬಾಟಲಿ ಯಾವ ದಿನದ್ದು, ಯಾವ ಬೀಜದ್ದು, ಎಷ್ಟನೇ ಸುತ್ತು ಅನ್ನುವುದನ್ನು ಮಾರ್ಕರ್‌ನಲ್ಲಿ ಬರೆದಿಡಿ.

ಬೇರು ಬರಿಸುವುದು

ಎರಡು ಮೂರು ಸೆಂಟಿಮೀಟರ್ ಎತ್ತರ, ಎರಡು ಮೂರು ಎಲೆ ಇರುವ ಚಿಗುರನ್ನು ಆರಿಸಿ. ಅರ್ಧ ಲವಣದ ಮಾಧ್ಯಮ, 20 ಗ್ರಾಂ ಸಕ್ಕರೆ, ಲೀಟರಿಗೆ 0.2 ಮಿಲಿಗ್ರಾಂ ಐಬಿಎ ಎಂಬ ಬೇರು ಬರಿಸುವ ಹಾರ್ಮೋನ್. ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ. ಗೆಣ್ಣು ತುಂಡಿನಿಂದ ಬಂದ ಬಳ್ಳಿಗಳು ಎಷ್ಟೋ ಸಲ ಹಾರ್ಮೋನ್ ಇಲ್ಲದೆಯೂ ಬೇರು ಬಿಡುತ್ತವೆ. ಹಾರ್ಮೋನ್ ಜಾಸ್ತಿ ಹಾಕಿದರೆ ಬೇರಿಗೂ ಕಾಂಡಕ್ಕೂ ನಡುವೆ ಗಂಟು ಬೆಳೆಯುತ್ತದೆ. ನೋಡಲು ಬೇರು ದಂಡಿಯಾಗಿ ಇರುತ್ತದೆ, ಆದರೆ ಗಂಟಿನ ಹತ್ತಿರ ಜೋಡಣೆ ಸರಿ ಇರುವುದಿಲ್ಲ. ನಾಟಿ ಮಾಡುವಾಗ ಅಲ್ಲೇ ಕಳಚಿಕೊಳ್ಳುತ್ತದೆ.

ಬೇರು ಎರಡು ಸೆಂಟಿಮೀಟರ್ ಆಗುತ್ತಿದ್ದ ಹಾಗೆ ಹೊರಗೆ ತೆಗೆಯಿರಿ. ಬಾಟಲಿಯ ತಳ ಮುಟ್ಟಿ ಸುತ್ತಿಕೊಳ್ಳುವ ತನಕ ಕಾದರೆ ತೊಳೆಯುವಾಗ ಬೇರೆಲ್ಲ ಹರಿದುಹೋಗುತ್ತದೆ.

ಹೊರಗಿನ ಗಾಳಿಗೆ ಹದ ಮಾಡುವುದು

ಬಾಟಲಿಯಲ್ಲಿ ಚೆನ್ನಾಗಿದ್ದ ಸಸಿ ಹೆಚ್ಚಾಗಿ ಸಾಯುವುದು ಇಲ್ಲಿ. ಬಾಟಲಿಯೊಳಗೆ ಯಾವಾಗಲೂ ತೇವ. ಎಲೆಯ ಮೇಲೆ ಮೇಣದ ಪದರ ಸರಿಯಾಗಿ ಬೆಳೆದಿರುವುದಿಲ್ಲ, ಪತ್ರರಂಧ್ರಗಳಿಗೆ ಮುಚ್ಚಿಕೊಳ್ಳುವ ಅಭ್ಯಾಸವೇ ಇರುವುದಿಲ್ಲ. ಹೊರಗೆ ತಂದ ಕೂಡಲೇ ನೀರೆಲ್ಲ ಆರಿಹೋಗಿ ಅರ್ಧ ಗಂಟೆಯಲ್ಲಿ ಬಾಡಿ ಬೀಳುತ್ತದೆ.

ತೆಗೆಯುವ ಮೂರು ದಿನ ಮೊದಲು ಮುಚ್ಚಳ ಸ್ವಲ್ಪ ಸಡಿಲಿಸಿ, ಬಾಟಲಿಗಳನ್ನು ಸಸಿ ಇಡುವ ಜಾಗಕ್ಕೇ ತಂದಿಡಿ. ಸಂಜೆ ಹೊತ್ತು ಸಸಿ ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿ ಬೇರಿಗೆ ಅಂಟಿದ ಅಗರ್ ಪೂರ್ತಿ ತೊಳೆಯಿರಿ. ಚೂರು ಉಳಿದರೂ ಅದರಲ್ಲಿರುವ ಸಕ್ಕರೆಗೆ ಬೂಷ್ಟು ಬಂದು ಬುಡ ಕೊಳೆಯುತ್ತದೆ. ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಮೊದಲೇ ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಉಪ್ಪಿನಂಶ ತೆಗೆದಿರಬೇಕು. ಮೂರು ಪಾಲು ಕೋಕೋಪೀಟ್‌ಗೆ ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು), ಮೇಲೆ ಸ್ವಲ್ಪ ಟ್ರೈಕೋಡರ್ಮಾ, ಅಂದರೆ ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ. ಮಾಮೂಲಿ ತರಕಾರಿ ಸಸಿಗೆ ಬಳಸುವ 98 ಗುಳಿಯ ಪ್ರೋಟ್ರೇ ಬೇಡ, 50 ಗುಳಿಯದು ಇರಲಿ. ಕರಬೂಜಕ್ಕೆ ಬೇರು ಕದಲಿದರೆ ಆಗುವುದಿಲ್ಲ. ಮಧ್ಯೆ ಇನ್ನೊಂದು ಕುಂಡಕ್ಕೆ ಬದಲಿಸುವ ಕೆಲಸ ಇಟ್ಟುಕೊಳ್ಳಬೇಡಿ, ಈ ಗುಳಿಯಿಂದ ನೇರ ಹೊಲಕ್ಕೇ ಹೋಗಬೇಕು.

ಟ್ರೇ ಮೇಲೆ ಬಿದಿರು ಕಡ್ಡಿ ಬಗ್ಗಿಸಿ ಪಾಲಿಥೀನ್ ಹೊದಿಸಿ, ಮೇಲೆ ಶೇಡ್ ನೆಟ್. ಮೊದಲ ಐದಾರು ದಿನ ಒಳಗೆ ಹಾಳೆಯ ಮೇಲೆ ಹನಿ ಕಟ್ಟುವಷ್ಟು ತೇವ ಇರಬೇಕು. ಆದರೆ ಕೋಕೋಪೀಟ್ ಒದ್ದೆ ಮುದ್ದೆಯಾಗಿರಬಾರದು. ಎಲೆಗೆ ಮಂಜಿನ ಹಾಗೆ ನೀರು ಸಿಂಪಡಿಸಿ, ಬುಡಕ್ಕೆ ಸುರಿಯಬೇಡಿ. ಕೋಕೋಪೀಟನ್ನು ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು ಅಷ್ಟೇ. ಆರನೇ ದಿನದಿಂದ ಬೆಳಿಗ್ಗೆ ಸಂಜೆ ಅರ್ಧ ಗಂಟೆ ಹೊದಿಕೆ ಎತ್ತಿ. ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತಾ ಹೋಗಿ. ಬಾಟಲಿಯಲ್ಲಿ ಬಂದ ಹಳೆ ಎಲೆ ಉದುರಿದರೆ ಚಿಂತೆ ಬೇಡ. ಹೊರಗಿನ ಗಾಳಿಯಲ್ಲೇ ಬಿಚ್ಚಿದ ಹೊಸ ಎಲೆ ಒರಟಾಗಿ, ರೋಮ ರೋಮವಾಗಿ ಕಂಡರೆ ಸಸಿ ಹಿಡಿದುಕೊಂಡಿತು ಅಂತಲೇ. ಎರಡು ವಾರಕ್ಕೆ ಹೊದಿಕೆ ಪೂರ್ತಿ ತೆಗೆದು, ಮೂರನೇ ವಾರ ನೆರಳು ಕಡಿಮೆ ಮಾಡಿ.

ಈ ಮೂರು ವಾರ ಕೀಟ ಒಳಗೆ ಬರದಂತೆ ಸಣ್ಣ ಕಣ್ಣಿನ ಬಲೆ ಕಟ್ಟಿರಬೇಕು. ಕರಬೂಜಕ್ಕೆ ವೈರಸ್ ತರುವುದು ಸಸ್ಯಹೇನು, ಬಿಳಿನೊಣ, ಥ್ರಿಪ್ಸ್. ಬಾಟಲಿಯಲ್ಲಿ ಅಷ್ಟು ಕಷ್ಟಪಟ್ಟು ಸ್ವಚ್ಛವಾಗಿ ಇಟ್ಟಿದ್ದನ್ನು ಇಲ್ಲಿ ಕಳೆದುಕೊಳ್ಳಬಾರದು. ಬಾಟಲಿಯಿಂದ ಬಂದದ್ದೆಲ್ಲ ವೈರಸ್ ಇಲ್ಲದ್ದು ಅಂತಲೂ ತಿಳಿಯಬೇಡಿ. ತಾಯಿ ಬೀಜದಲ್ಲಿ ವೈರಸ್ ಇದ್ದರೆ ಮಕ್ಕಳಲ್ಲೂ ಇರುತ್ತದೆ. ಮಾರುವ ಯೋಚನೆ ಇದ್ದರೆ ಪರೀಕ್ಷೆ ಮಾಡಿಸಲೇಬೇಕು. ಟಿಶ್ಯೂ ಕಲ್ಚರ್ ಸಸಿಗಳಿಗೆ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲೇ ಶುರು ಮಾಡಿದೆ.

ಸಸಿ ನಿಮ್ಮ ಹೈಬ್ರಿಡ್ಡೇ ಹೌದಾ? ನಾಟಿಗೆ ಮೊದಲು ನೋಡಿ

ಕ್ರೋಮೋಸೋಮ್ ದುಪ್ಪಟ್ಟಾದ ಗಿಡವನ್ನು ಕಣ್ಣಿನಲ್ಲೇ ಅಂದಾಜು ಮಾಡಬಹುದು. ಎಲೆ ದಪ್ಪ, ಕಡು ಹಸಿರು, ದುಂಡು. ಗೆಣ್ಣಿನ ನಡುವೆ ಅಂತರ ಕಡಿಮೆ. ಮುಂದೆ ಹೂವು ದೊಡ್ಡದು, ಹಣ್ಣು ಚಪ್ಪಟೆ, ಬೀಜ ಕಡಿಮೆ. ಆದರೆ ಹಣ್ಣು ಬರುವವರೆಗೆ ಕಾದರೆ ಹೊಲದ ಜಾಗ ದಂಡ. ಟ್ರೇಯಲ್ಲಿರುವಾಗಲೇ ಪಕ್ಕದಲ್ಲಿ ಅದೇ ಪ್ಯಾಕೆಟ್ಟಿನ ನಾಲ್ಕು ಬೀಜ ಹಾಕಿ ಸಸಿ ಮಾಡಿ, ಜೊತೆಯಲ್ಲಿಟ್ಟು ಹೋಲಿಸಿ.

ಮೈಕ್ರೋಸ್ಕೋಪ್ ಸಿಗುವುದಾದರೆ ಇನ್ನೂ ಖಚಿತವಾಗಿ ತಿಳಿಯಬಹುದು. ಎಲೆಯನ್ನು ಓರೆಯಾಗಿ ಹರಿದರೆ ಅಂಚಿನಲ್ಲಿ ತೆಳ್ಳಗೆ ಬಣ್ಣವಿಲ್ಲದ ಪೊರೆ ಏಳುತ್ತದೆ. ಅಡಿಭಾಗದ ಪೊರೆಯನ್ನು ಗಾಜಿನ ಮೇಲೆ ಹಾಕಿ ಒಂದು ಹನಿ ಅಯೋಡಿನ್ ಬಿಡಿ. ಪತ್ರರಂಧ್ರದ ಎರಡು ಬದಿಯ ಕೋಶಗಳಲ್ಲಿ ಹರಿತ್ತಿನ ಕಣಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಬೀಜದ ಸಸಿಯಲ್ಲಿ ಎಷ್ಟಿವೆ, ಬಾಟಲಿ ಸಸಿಯಲ್ಲಿ ಎಷ್ಟಿವೆ ಎಣಿಸಿ. ದುಪ್ಪಟ್ಟಾದ ಗಿಡದಲ್ಲಿ ಕಣಗಳೂ ಎದ್ದು ಕಾಣುವಷ್ಟು ಜಾಸ್ತಿ, ಕೋಶವೂ ದೊಡ್ಡದು. ಒಂದೇ ಬಾರಿ ನೋಡಿ ತೀರ್ಮಾನಿಸಬೇಡಿ, ಹತ್ತು ಹದಿನೈದು ರಂಧ್ರ ಎಣಿಸಿ. ಅನುಮಾನ ಬಂದ ಸಸಿ ಯಾವ ಬಾಟಲಿಯಿಂದ ಬಂತು ನೋಡಿ, ಅದೇ ಕುಡಿಯಿಂದ ಬಂದ ಬಾಟಲಿಗಳನ್ನೆಲ್ಲ ತೆಗೆದುಬಿಡಿ. ಲೇಬಲ್ ಬರೆಯಿರಿ ಅಂದದ್ದು ಇದಕ್ಕೇ.

ನಾಟಿ

ಮೂರು ನಾಲ್ಕು ಒರಟು ಎಲೆ ಬಂದ ಕೂಡಲೇ ನಾಟಿ ಮಾಡಿ. ಟ್ರೇಯಲ್ಲಿ ಹೂಮೊಗ್ಗು ಕಂಡರೆ ಚಿವುಟಿ. ಏರುಮಡಿ, ಡ್ರಿಪ್, ಮಲ್ಚಿಂಗ್ ಶೀಟ್ ಎಲ್ಲ ಮಾಮೂಲಿ ಹೈಬ್ರಿಡ್ ಕರಬೂಜದ ಹಾಗೇ. ಸಂಜೆ ನಾಟಿ ಮಾಡಿ, ಮೊದಲ ವಾರ ಮಧ್ಯಾಹ್ನದ ಬಿಸಿಲಿಗೆ ಮರೆ ಕೊಡಿ. ಬೀಜದ ಸಸಿಗೆ ತಾಯಿಬೇರು ಇರುತ್ತದೆ. ಇದಕ್ಕೆ ಇರುವುದು ಹರಡಿದ ಬೇರು ಮಾತ್ರ. ಆದ್ದರಿಂದ ಮೊದಲ ಮೂರು ವಾರ ನೀರು ಸ್ವಲ್ಪ ಸ್ವಲ್ಪವಾಗಿ, ಆದರೆ ಬಿಡದೆ ಕೊಡಿ. ಬೀಜವಿಲ್ಲದ ಕಲ್ಲಂಗಡಿ ಆದರೆ ಅದರ ಪರಾಗ ಕೆಲಸಕ್ಕೆ ಬರುವುದಿಲ್ಲ. ನಡುನಡುವೆ ಮಾಮೂಲಿ ಕಲ್ಲಂಗಡಿಯ ಸಾಲು ಹಾಕಲೇಬೇಕು.

ಬಾಟಲಿ, ಕುಕ್ಕರ್ ಯಾವುದೂ ಬೇಡ, ಹತ್ತಿಪ್ಪತ್ತು ಗಿಡ ಮಾತ್ರ ಬೇಕು ಅನ್ನುವವರಿಗೆ ಸುಲಭದ ದಾರಿಯೂ ಇದೆ. ಆರೋಗ್ಯವಾಗಿರುವ ಎಳೆ ಬಳ್ಳಿಯ ಪಕ್ಕದ ಕುಡಿಗಳನ್ನು ಎರಡು ಗೆಣ್ಣಿನಷ್ಟು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಬುಡಕ್ಕೆ ಬೇರು ಬರಿಸುವ ಹಾರ್ಮೋನ್ ಪುಡಿ ತಾಕಿಸಿ ಒದ್ದೆ ಕೋಕೋಪೀಟಿನಲ್ಲಿ ಊರಿ. ಮೇಲೆ ಹೇಳಿದ ಪಾಲಿಥೀನ್ ಹೊದಿಕೆಯೊಳಗೇ ಇಡಿ. ಹತ್ತು ಹನ್ನೆರಡು ದಿನಕ್ಕೆ ಬೇರು ಬರುತ್ತದೆ. ಅದೂ ಅದೇ ಹೈಬ್ರಿಡ್ಡೇ. ವೈರಸ್ ಇರುವ ಬಳ್ಳಿಯಿಂದ ತೆಗೆದರೆ ವೈರಸ್ಸೂ ಜೊತೆಗೇ ಬರುತ್ತದೆ, ತಾಯಿ ಬಳ್ಳಿ ನೋಡಿ ಆರಿಸಿ.

ಕೈಯಾರೆ ಕಲಿಯಬೇಕು ಅನ್ನುವವರು ಬೆಂಗಳೂರಿನ ಹುಳಿಮಾವಿನಲ್ಲಿರುವ ತೋಟಗಾರಿಕೆ ಇಲಾಖೆಯ ಜೈವಿಕ ತಂತ್ರಜ್ಞಾನ ಕೇಂದ್ರದಲ್ಲೋ, ಜಿಕೆವಿಕೆಯಲ್ಲೋ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯ), ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೋ ತರಬೇತಿ ಯಾವಾಗ ಇದೆ ಅಂತ ವಿಚಾರಿಸಿ. ಅಲ್ಲಿ ಕಲಿಸುವುದು ಬಾಳೆಯ ಕುಡಿ ಕತ್ತರಿಸುವುದನ್ನೇ ಆದರೂ ಪರವಾಗಿಲ್ಲ. ಬ್ಲೇಡು ಹಿಡಿಯುವ ರೀತಿ, ಹುಡ್ ಮುಂದೆ ಕೂರುವ ಶಿಸ್ತು, ಬಾಟಲಿ ಬಾಯಿ ತೆರೆದು ಮುಚ್ಚುವ ವೇಗ, ಇವೆಲ್ಲ ಕರಬೂಜಕ್ಕೂ ಅವೇ.